ಬೆಟ್ಟದ ಸೋಲಿಗರ ಜೇನು ನೆಲ್ಲಿಗಳ ವ್ಯಾಪಾರ

ಲಾಭವೊಂದನ್ನೇ ಗುರಿಯಾಗಿರಿಸಿಕೊಳ್ಳದೆ ಜನಹಿತಕ್ಕಾಗಿ ನಡೆಯುವ ವ್ಯಾಪಾರಕ್ಕೆ ಈಚೆಗೆ ಸಾಮಾಜಿಕ ಉದ್ಯಮವೆಂದೂ, ಮೂಲಧನವನ್ನು ತಿಂದುಹಾಕದೆ ಅದರ ಫಲವನ್ನು ಮಾತ್ರ ಕೊಳ್ಳುವ ವ್ಯಾಪಾರಕ್ಕೆ ಸುಸ್ಥಿರ ವ್ಯವಹಾರವೆಂದೂ ಹೆಸರಾಗಿದೆ. ಕಾಯಕದ ಗಳಿಕೆಯನ್ನು ದಾಸೋಹಕ್ಕೆ ಸಲ್ಲಿಸುವ ಪದ್ಧತಿಯನ್ನರಿತ ವಾಚಕರಿಗೆ ಹೆಸರು ಹೊಸದಾದರೂ ಅರ್ಥವು ಹೊಸದಲ್ಲ. ಈ ವಿದ್ಯೆಯ ತಳಹದಿ ಯಾವುದೆಂದು ಅರಿಯಬೇಕೆಂಬವರು ದೇಶಾಂತರಕ್ಕೆ ಹೋಗಬೇಕಾದುದಿಲ್ಲ. ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಹನೂರಿನಾಚೆಯ ಮಲೆ ಮಹದೇಶ್ವರನ ಬೆಟ್ಟದಲ್ಲಿಯೂ ವಾಸಿಸುವ ಸೋಲಿಗರ ವ್ಯಾಪಾರವು ಪಟ್ಟ ಪಾಡನ್ನು ನೋಡಿದರೆ ಸಾಕು.

ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರು ಸೀಮೆಯ ಊರು. ಕೊಳ್ಳೇಗಾಲವಾದರೋ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರನ್ನೂ ಒಳಗೊಂಡು, 1956ರವರೆಗೆ ಮದರಾಸಿಗಧೀನವಾದ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತು. ಹೀಗೆ ಕಾಡಿಗೆ ಇಬ್ಬರು ಒಡೆಯರಾದರು. ಸೋಲಿಗರಿಗೆ ಮಾತ್ರ ಅದು ಒಂದೇ ಕಾಡು. ಬಿಳಿಗಿರಿಯ ರಂಗನಾಥನು ಅವರಿಗೆ ಭಾವನ ವರಸೆ. ಮಾದಪ್ಪನ ಕಾವ್ಯದಲ್ಲಿ ಬರುವ ಸಂಕಮ್ಮನು ಅವರ ಮನೆಯ ಹೆಣ್ಣು. ಕಾಡಿನೊಂದು ತುಂಡನ್ನು ಸವರಿ ರಾಗಿ ಬೆಳೆದು, ನೆಲಕ್ಕೆ ವಿಶ್ರಾಂತಿ ಕೊಟ್ಟು ಮತ್ತೊಂದೆಡೆಗೆ ಸಾಗುವುದು ಅವರ ಬೇಸಾಯಕ್ರಮವಾಗಿದ್ದಿತು. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಗಲು ಆ ಬೇಸಾಯವೂ ಬೇಟೆಯೂ ನಿಂತವು. ಜನರು ಪೋಡುಗಳಲ್ಲಿ ನೆಲೆನಿಲ್ಲಬೇಕಾಯಿತು. ಉಳಿದ ಜೀವನೋಪಾಯವೆಂದರೆ ಹೆಜ್ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಮರದ ಪಾಚಿ, ಮಾಗಳಿ ಬೇರು ಇವುಗಳ ಸಂಗ್ರಹ ಮತ್ತು ಕೂಲಿ.

ಈ ಸಂಗ್ರಹದ ವ್ಯಾಪಾರವು ಮೊದಲು ಗುತ್ತಿಗೆದಾರರ ಕೈಯಲ್ಲಿದ್ದಿತು. ತರುವಾಯ ಗಿರಿಜನರಿಗಾಗಿಯೇ ಲ್ಯಾಂಪ್ಸ್ ಎಂಬ ವಿವಿಧೋದ್ದೇಶ ಸಹಕಾರ ಸಂಘಗಳು ಹುಟ್ಟಿದವು. ಸಂಘವು ಅರಣ್ಯ ಇಲಾಖೆಗೆ ರಾಜಧನ ತೆತ್ತು ಸಂಗ್ರಹದ ಹಕ್ಕನ್ನು ಪಡೆಯುವುದು. ಸೋಲಿಗನು ಮಾಲನ್ನು ತಂದು ತೂಕಕ್ಕೆ ತಕ್ಕ ಹಣ ಪಡೆಯುವುದು. ಸಂಘವು ಅದನ್ನು ವರ್ತಕರಿಗೆ ಹರಾಜಿನಲ್ಲಿ ಮಾರುವುದು. ಗುತ್ತಿಗೆದಾರನು ಹೋದನೆಂಬುದೇನೋ ನಿಜ. ಆದರೆ ಕಾಯಿಯು ಉಪ್ಪಿನಕಾಯಿಯಾಗಿ ಬೆಲೆ ಏರುವುದು ಪೇಟೆಯಲ್ಲಿಯೇ. ಮರ ಹತ್ತಿದವನಿಗೆ ದಕ್ಕುತ್ತಿದ್ದುದು ಕೂಲಿಯ ಅಂಶ ಮಾತ್ರ.

ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ವೈದ್ಯದಿಂದ ತೊಡಗಿ ಶಾಲೆಗೂ ಕೈಕಸುಬಿಗೂ ಬೆಳೆದುದನ್ನು ಬಹುಮಂದಿ ಬಲ್ಲರು. 1990ರ ದಶಕದಲ್ಲಿ ಈ ಕೇಂದ್ರವು ಏಟ್ರೀ ಮೊದಲಾದ ಸಂಶೋಧನ ಸಂಸ್ಥೆಗಳೊಡಗೂಡಿ ಜೇನನ್ನು ಶುದ್ಧಗೊಳಿಸಿ ತುಂಬುವ, ನೆಲ್ಲಿಯನ್ನು ಉಪ್ಪಿನಕಾಯಿ ಮಾಡುವ ಉದ್ಯಮಗಳನ್ನು ಬೆಟ್ಟದಲ್ಲಿಯೇ ನಡೆಸಿತು. ಆ ಕಾಲದಲ್ಲಿ ಸೋಲಿಗ ಕುಟುಂಬಗಳ ನಗದು ವರಮಾನದ ಸುಮಾರು ಅರ್ಧವು ಕಾಡಿನ ಉತ್ಪನ್ನದಿಂದಲೇ ಬರುತ್ತಿದ್ದಿತಾದುದರಿಂದ ಈ ಪ್ರಯತ್ನವು ಸಣ್ಣದಾಗಿರಲಿಲ್ಲ. ಅಂಗಡಿಯ ಲೆಕ್ಕದ ಜೊತೆಗೆ ಕಾಡಿನ ಲೆಕ್ಕವನ್ನೂ ಇಟ್ಟುದು ಇದರ ವೈಶಿಷ್ಟ್ಯ. ಕೊಯ್ಲಿಗೆ ಮುಂಚೆ ಸೋಲಿಗರೂ ಸಂಶೋಧಕರೂ ಕೂಡಿ ಮರಗಳನ್ನು ನೋಡಿ ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ, ಎಷ್ಟನ್ನು ಬಿಡಬೇಕು ಎಂದು ಅಂದಾಜು ಮಾಡುತ್ತಿದ್ದರು. ಮೂಲಧನವು ಪೆಟ್ಟಿಗೆಯಲ್ಲಿರದೆ ಮರದ ಮೇಲಿರುವಾಗ ವರ್ತಕನಿಗೆ ಇದಕ್ಕಿಂತ ಮುಖ್ಯವಾದ ಲೆಕ್ಕ ಬೇರೊಂದಿಲ್ಲ.

ಆ ಲೆಕ್ಕದಲ್ಲಿ ಒಂದು ವಿವಾದವೂ ಹುಟ್ಟಿತು. ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿ ಮರಗಳು ಸೊರಗುತ್ತಿದ್ದವು. ಶಾಸ್ತ್ರಜ್ಞರು ಮೊದಮೊದಲು ಬೆಂಕಿಯನ್ನೂ ಕೊಯ್ಲನ್ನೂ ಶಂಕಿಸಿದರು. ಸೋಲಿಗ ಹಿರಿಯರ ಮಾತು ಬೇರೆ: ಹಿಂದೆ ವರ್ಷದ ಮೊದಲಲ್ಲಿ, ಹುಲ್ಲು ತೀರ ಒಣಗುವ ಮುನ್ನ, ತಾವು ಇಡುತ್ತಿದ್ದ ತರಗು ಬೆಂಕಿಯು ನೆಲದ ತರಗನ್ನಷ್ಟೇ ಸುಟ್ಟು ಬಂದಳಿಕೆಯನ್ನೂ ಕಳೆಯನ್ನೂ ಅಡಗಿಸುತ್ತಿದ್ದಿತು, ಅದನ್ನು ನಿಲ್ಲಿಸಿದುದೇ ಕೇಡಿಗೆ ಮೂಲ. ವರ್ಷಗಳ ಪರೀಕ್ಷೆಯ ತರುವಾಯ ಈ ಮಾತನ್ನು ತಳ್ಳಿಹಾಕುವಂತಿಲ್ಲವೆಂದು ಸಂಶೋಧಕರೇ ಬರೆದರು. ಇತ್ತ ಲಂಟಾನವೆಂಬ ಪರದೇಶದ ಪೊದೆಯು, 1997ರಲ್ಲಿ ಅಳೆದ ತಾಣಗಳ ಪೈಕಿ ನೂರಕ್ಕೆ 41ರಲ್ಲಿದ್ದುದು, 2008ರ ಹೊತ್ತಿಗೆ 81ರಲ್ಲಿ ಕಂಡುಬಂದಿತು. ಓದುಬರಹವಿಲ್ಲದವನ ಅರಿವನ್ನು ಕೇಳದೆ ಕಟ್ಟಿದ ನಿರ್ವಹಣೆಯು ಎಷ್ಟು ದುಬಾರಿಯೆಂಬುದಕ್ಕೆ ಈ ಎರಡು ಅಂಕೆಗಳಿಗಿಂತ ಬೇರೆ ಸಾಕ್ಷಿ ಬೇಡ.

ಉದ್ಯಮವು ಮುಗ್ಗರಿಸಿದುದು ಇದರಿಂದಲ್ಲ. ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯು ಅಭಯಾರಣ್ಯದ ಉತ್ಪನ್ನವನ್ನು ನಿವಾಸಿಗಳು ಸ್ವಂತಕ್ಕೆ ಬಳಸಬಹುದೇ ಹೊರತು ಮಾರಕೂಡದೆಂದಿತು. ಅದರಂತೆ 2006ರಲ್ಲಿ ಬಿಳಿಗಿರಿಯಲ್ಲಿ ಮಾರಾಟದ ಸಂಗ್ರಹವು ನಿಷಿದ್ಧವಾಯಿತು. ಯಂತ್ರವಿದ್ದಿತು, ಕಲಿತ ಕೈಗಳಿದ್ದವು, ಕೊಳ್ಳುವವರೂ ಇದ್ದರು; ಬರಬೇಕಾದ ನೆಲ್ಲಿ ಬರಲಿಲ್ಲ. ಅನೇಕರು ಕೂಲಿಯನ್ನರಸಿ ಕಾಫಿ ತೋಟಗಳಿಗೂ ದೂರದ ಊರುಗಳಿಗೂ ಹೋಗಬೇಕಾಯಿತು. ಮರಗಳ ಲೆಕ್ಕ, ತಕ್ಕಡಿಯ ಲೆಕ್ಕ ಎರಡನ್ನೂ ಸರಿಯಾಗಿಟ್ಟವರು ಮೂರನೆಯದೊಂದನ್ನು ಅನ್ಯರ ಕೃಪೆಗೆ ಬಿಟ್ಟಿದ್ದರು. ಅದು ಹಕ್ಕಿನ ಲೆಕ್ಕ. ಕಾಡನ್ನು ಹುಲಿಗಾಗಿ ಕಾಯಬೇಕೆಂಬವರ ಕಳಕಳಿಯನ್ನು ಹೀಗಳೆಯಲಾಗದು. ಆದರೆ ಇಷ್ಟು ಕಾಲ ಹುಲಿಯೊಡನೆ ಬಾಳಿದವರನ್ನು ಕೇಳದೆ ಆ ಬಾಗಿಲನ್ನು ಮುಚ್ಚಿದುದು ನ್ಯಾಯವೆನಿಸದು.

ಅದೇ 2006ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿದ್ದಿತು. ಸೋಲಿಗರ ಸಂಘಗಳು ಪೋಡುಪೋಡಿಗೂ ಗ್ರಾಮಸಭೆ ಸೇರಿಸಿ ಅರ್ಜಿಗಳನ್ನು ಸಿದ್ಧಪಡಿಸಿದುವು. ತಮ್ಮ ದೇವರ ತಾಣಗಳನ್ನೂ ಹಳೆಯ ನೆಲೆಗಳನ್ನೂ ಹಿರಿಯರ ಬಾಯಿಂದ ಕೇಳಿ ನಕ್ಷೆಗೆ ಏರಿಸಿದುದು ಇಲ್ಲಿ ಬಹಳ ಉಪಯೋಗಕ್ಕೆ ಬಂದಿತು. 2011ರ ಆದಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ವರ್ಷದ ಅಕ್ಟೋಬರಿನಲ್ಲಿಯೇ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಹುಲಿಯ ಕಾಡಿನೊಳಗೆ ಇಂತಹ ಹಕ್ಕು ಮಾನ್ಯವಾದುದು ದೇಶದಲ್ಲಿ ಅದೇ ಮೊದಲು. ಸಂಗ್ರಹಿಸುವ ಹಾಗೂ ಮಾರುವ ಅಧಿಕಾರವು ದಯೆಯ ರೂಪವನ್ನು ಬಿಟ್ಟು ಕಾನೂನಿನ ರೂಪವನ್ನು ತಾಳಿತು.

ಹನೂರಿನ ಕಡೆಯ ಕತೆ ಬೇರೊಂದು ಬಗೆಯದು. ಮಲೆ ಮಹದೇಶ್ವರ ಬೆಟ್ಟದ ಸುತ್ತ ಬಿದಿರಿನಿಂದ ಬುಟ್ಟಿ ಹೆಣೆಯುತ್ತಿದ್ದ ಸೋಲಿಗರಿಗೂ ಕೊರವರಿಗೂ ಬಿದಿರು ವಿರಳವಾಗಲು, ಏಟ್ರೀ ಸಂಸ್ಥೆಯವರು ಲಂಟಾನವನ್ನೇ ಬಿದಿರಿಗೆ ಬದಲಾಗಿ ಬಳಸುವುದನ್ನು ಕಲಿಸಿದರು. ಕಡ್ಡಿಯನ್ನು ನೀರಿನಲ್ಲಿ ಕುದಿಸಿ ಸಿಪ್ಪೆ ಸುಲಿದರೆ ಅದು ಬೆತ್ತದಂತೆ ಬಳುಕುವುದು. ಕುರ್ಚಿ, ಮೇಜು, ಬುಟ್ಟಿ ಎಲ್ಲವೂ ಅದರಿಂದಾಗುವುದು. ಹುಳುವಿಗೂ ಬೇಗ ಸೋಲದು. ಕಡಿದಷ್ಟೂ ಕಾಡಿಗೆ ಒಳಿತಾಗುವ ಮೂಲದ್ರವ್ಯವು ವ್ಯಾಪಾರಿಗೆ ಅಪರೂಪವಾಗಿ ದೊರೆಯುವುದು. ಆದರೂ ಕುರ್ಚಿಗೆ ಬೇಕಾದ ಕಡ್ಡಿ ಅಲ್ಪ, ಬೆಟ್ಟದ ಮೇಲಿರುವ ಪೊದೆ ಅಪಾರ. ಬುಡದಿಂದ ಕಿತ್ತರೆ ಹೊರತು ಕಡಿದ ಬುಡವು ಮುಂದಿನ ಮಳೆಗೆ ಮತ್ತೆ ಚಿಗುರುವುದು.