ಸರ್ವರ್ ದೋಷ ಸಂದೇಶಗಳು

ಸರ್ವರ್ ದೋಷ ಸಂದೇಶ ಎಂದರೆ, ತನಗೆ ಬಂದ ಕೋರಿಕೆಯನ್ನು ಪೂರೈಸಲಾಗದಿದ್ದಾಗ ಸರ್ವರ್ ಗಣಕವು ನೀಡುವ ಸೂಚನೆ. ಕೆಲಸ ಸದ್ಯಕ್ಕೆ ನಡೆಯುತ್ತಿದ್ದರೂ ಮುಂದೆ ತೊಂದರೆಯಾಗಬಹುದೆಂದು ತಿಳಿಸುವ ಸೂಚನೆಯನ್ನು ಎಚ್ಚರಿಕೆ ಸಂದೇಶ ಎನ್ನುತ್ತಾರೆ. ಬಳಕೆದಾರರ ಬ್ರೌಸರಿನಲ್ಲಿ ದೋಷವು ಸಾಮಾನ್ಯವಾಗಿ ಚಿಕ್ಕ ಸಂಕೇತವಾಗಿ ಕಾಣುತ್ತದೆ; ಅದರ ವಿವರ ಸರ್ವರಿನ ಲಾಗ್ ಕಡತದಲ್ಲಿ ದಾಖಲಾಗುತ್ತದೆ. ಆಡುಮಾತಿನಲ್ಲಿ ಎಲ್ಲ ಬಗೆಯ ಅಡಚಣೆಗಳನ್ನೂ "ಸರ್ವರ್ ಡೌನ್" ಎನ್ನುವುದುಂಟು. ಆದರೆ ಪ್ರತಿ ಸಂದೇಶವು ಸೂಚಿಸುವ ಕಾರಣ ಬೇರೆ, ಪರಿಹಾರವೂ ಬೇರೆ.

## ಹಿನ್ನೆಲೆ

ಜಾಲತಾಣಗಳು ಮತ್ತು ಬ್ರೌಸರುಗಳ ನಡುವಿನ ಸಂವಹನ ನಿಯಮಾವಳಿಯೇ ಎಚ್‌ಟಿಟಿಪಿ. 1991ರ ಅದರ ಮೊದಲ ರೂಪದಲ್ಲಿ ದೋಷಕ್ಕೆ ಪ್ರತ್ಯೇಕ ಸಂಕೇತವಿರಲಿಲ್ಲ. ದೋಷದ ವಿವರಣೆಯೂ ಸಾಮಾನ್ಯ ಪುಟದಂತೆಯೇ ಬರುತ್ತಿತ್ತು. ಅದನ್ನು ಓದಿದ ಮನುಷ್ಯನಿಗೆ ಅರ್ಥವಾಗುತ್ತಿತ್ತೇ ಹೊರತು, ಕೋರಿಕೆ ಸಫಲವಾಯಿತೋ ವಿಫಲವಾಯಿತೋ ಎಂದು ತಿಳಿಯುವ ದಾರಿ ತಂತ್ರಾಂಶಕ್ಕೆ ಇರಲಿಲ್ಲ. ಈ ಕೊರತೆಯನ್ನು ಮೂರಂಕಿಯ ಸ್ಥಿತಿ ಸಂಕೇತಗಳು ನೀಗಿಸಿದವು. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಇವು ಸೇರಿದ್ದವು. ಈಗಿನ ವ್ಯಾಖ್ಯೆಗಳು 2022ರ ಆರ್‌ಎಫ್‌ಸಿ 9110 ದಾಖಲೆಯಲ್ಲಿವೆ.

## ಸ್ಥಿತಿ ಸಂಕೇತಗಳು

ಸಂಕೇತದ ಮೊದಲ ಅಂಕಿಯು ದೋಷವನ್ನು ಎಲ್ಲಿ ಹುಡುಕಬೇಕೆಂದು ಸೂಚಿಸುತ್ತದೆ. 4ರಿಂದ ಆರಂಭವಾದರೆ ಕೋರಿಕೆಯಲ್ಲಿ ಏನೋ ಸರಿಯಿಲ್ಲ ಎಂದೂ, 5ರಿಂದ ಆರಂಭವಾದರೆ ಕೋರಿಕೆ ಸರಿಯಿದ್ದಂತೆ ಕಂಡರೂ ಸರ್ವರ್ ಅದನ್ನು ಪೂರೈಸಲಾಗಲಿಲ್ಲ ಎಂದೂ ಅರ್ಥ.

- 401: ಬಳಕೆದಾರರ ಗುರುತು ದೃಢಪಟ್ಟಿಲ್ಲ. ಮತ್ತೆ ಲಾಗಿನ್ ಆಗಬೇಕು.
- 403: ಸರ್ವರ್ ಅನುಮತಿ ನಿರಾಕರಿಸಿದೆ. ಅದೇ ಖಾತೆಯಿಂದ ಮತ್ತೆ ಲಾಗಿನ್ ಆದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ.
- 404: ಕೇಳಿದ ವಿಳಾಸದಲ್ಲಿ ಏನೂ ಸಿಗಲಿಲ್ಲ. ವಿಳಾಸ ತಪ್ಪಿರಬಹುದು ಅಥವಾ ಪುಟವನ್ನು ತೆಗೆದಿರಬಹುದು.
- 429: ಅಲ್ಪಾವಧಿಯಲ್ಲಿ ಅತಿಯಾದ ಕೋರಿಕೆಗಳು ಬಂದಿವೆ.
- 500: ಸರ್ವರಿನ ಒಳಗೆ ಅನಿರೀಕ್ಷಿತ ದೋಷ. ಕಾರಣವನ್ನು ಲಾಗ್ ನೋಡಿಯೇ ತಿಳಿಯಬೇಕು.
- 502: ಮಧ್ಯವರ್ತಿ ಸರ್ವರಿಗೆ ಹಿಂದಿನ ಸರ್ವರಿನಿಂದ ಅಸಮರ್ಪಕ ಉತ್ತರ ಬಂದಿದೆ.
- 503: ಅತಿಯಾದ ಹೊರೆ ಅಥವಾ ನಿರ್ವಹಣೆಯ ಕಾರಣ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ.
- 504: ಮಧ್ಯವರ್ತಿ ಸರ್ವರಿಗೆ ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲ.

ಯಾವ ಸಂಕೇತವೂ ಬಾರದೆ ಸಂಪರ್ಕವೇ ವಿಫಲವಾಗುವುದೂ ಉಂಟು. "ಸಂಪರ್ಕ ನಿರಾಕರಿಸಲಾಗಿದೆ" ಎಂದರೆ ಸಾಮಾನ್ಯವಾಗಿ ಆ ಗಣಕ ಚಾಲನೆಯಲ್ಲಿದೆ, ಆದರೆ ಕೇಳಿದ ಪೋರ್ಟಿನಲ್ಲಿ ಯಾವ ತಂತ್ರಾಂಶವೂ ಕಾದಿಲ್ಲ. "ಸಮಯ ಮೀರಿದೆ" ಎಂದರೆ ಉತ್ತರವೇ ಬಂದಿಲ್ಲ. ಗಣಕ ಆರಿರಬಹುದು, ಜಾಲ ಕಡಿದಿರಬಹುದು ಅಥವಾ ಫೈರ್‌ವಾಲ್ ತಡೆದಿರಬಹುದು.

## ಎಚ್ಚರಿಕೆ ಮತ್ತು ತೀವ್ರತೆಯ ಹಂತಗಳು

ಲಾಗ್ ಸಂದೇಶಗಳನ್ನು ತೀವ್ರತೆಗೆ ಅನುಸಾರ ವಿಂಗಡಿಸಲಾಗುತ್ತದೆ. ಎರಿಕ್ ಆಲ್‌ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಯೋಜನೆಗಾಗಿ ರೂಪಿಸಿದ ಸಿಸ್‌ಲಾಗ್ ಪದ್ಧತಿಯು ಇದಕ್ಕೆ ವ್ಯಾಪಕ ಮಾದರಿಯಾಯಿತು. ಅದರಲ್ಲಿ 0ಯಿಂದ 7ರವರೆಗೆ ಎಂಟು ಹಂತಗಳಿವೆ: ತುರ್ತುಸ್ಥಿತಿ, ತಕ್ಷಣದ ಕ್ರಮ, ಗಂಭೀರ, ದೋಷ, ಎಚ್ಚರಿಕೆ, ಗಮನಾರ್ಹ ಸೂಚನೆ, ಮಾಹಿತಿ ಮತ್ತು ಡೀಬಗ್. ಸಂಖ್ಯೆ ಚಿಕ್ಕದಾದಷ್ಟೂ ತೀವ್ರತೆ ಹೆಚ್ಚು.

ನಾಲ್ಕನೆಯ ಹಂತದ ಎಚ್ಚರಿಕೆಗಳು ಕೆಲಸವನ್ನು ನಿಲ್ಲಿಸದ ಕಾರಣ ಸುಲಭವಾಗಿ ಕಡೆಗಣಿಸಲ್ಪಡುತ್ತವೆ. ಡಿಸ್ಕ್ ತುಂಬುತ್ತಿರುವುದು, ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯುತ್ತಿರುವುದು, ಬಳಕೆಯಿಂದ ಹಿಂತೆಗೆಯಲಾಗುವ ಕ್ರಿಯೆಯನ್ನು ಪ್ರೋಗ್ರಾಂ ಇನ್ನೂ ಅವಲಂಬಿಸಿರುವುದು ಇದಕ್ಕೆ ಉದಾಹರಣೆಗಳು. ಇಂದು ಕಡೆಗಣಿಸಿದ ಎಚ್ಚರಿಕೆ ಮುಂದೊಂದು ದಿನ ಸೇವೆಯನ್ನೇ ನಿಲ್ಲಿಸಬಹುದು.

## ಪರಿಹಾರದ ಕ್ರಮ

ನಿರ್ವಾಹಕರು ಮೊದಲು ದೋಷ ಸಂಭವಿಸಿದ ನಿಖರ ಸಮಯವನ್ನು ಗುರುತಿಸಿ, ಅದೇ ಸಮಯದ ಲಾಗ್ ಸಾಲುಗಳನ್ನು ಪರಿಶೀಲಿಸುತ್ತಾರೆ. ಲಿನಕ್ಸ್ ಗಣಕಗಳಲ್ಲಿ ಈ ಕಡತಗಳು ಸಾಮಾನ್ಯವಾಗಿ "ವಾರ್" ಕೋಶದೊಳಗಿನ "ಲಾಗ್" ಕೋಶದಲ್ಲಿರುತ್ತವೆ. ಒಂದು ದೋಷ ಹಲವು ದೋಷಗಳಿಗೆ ಕಾರಣವಾಗಬಹುದಾದ್ದರಿಂದ, ಕೊನೆಯ ಸಾಲಿಗಿಂತ ಸರಣಿಯ ಮೊದಲ ದೋಷವು ಹೆಚ್ಚು ಉಪಯುಕ್ತ. ತೊಂದರೆ ಆರಂಭವಾಗುವ ಮುನ್ನ ನಡೆದ ಬದಲಾವಣೆಗಳನ್ನೂ ನೋಡಬೇಕು. ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸಿದರೆ ಯಾವುದು ಪರಿಹಾರವಾಯಿತೆಂದು ತಿಳಿಯುತ್ತದೆ.

ಸಂದೇಶದ ಅಕ್ಷರಾರ್ಥ ದಾರಿತಪ್ಪಿಸುವುದೂ ಇದೆ. ಲಿನಕ್ಸ್‌ನಲ್ಲಿ "ಸ್ಥಳವಿಲ್ಲ" ಎಂಬ ದೋಷವು ಡಿಸ್ಕ್‌ನಲ್ಲಿ ಜಾಗ ಉಳಿದಿರುವಾಗಲೂ ಬರಬಹುದು. ಲಕ್ಷಾಂತರ ಚಿಕ್ಕ ಕಡತಗಳು ಸೇರಿ, ಕಡತಗಳ ವಿವರ ದಾಖಲಿಸುವ ಐನೋಡ್‌ಗಳು ಮುಗಿದುಹೋಗಿರುವುದು ಇದಕ್ಕೆ ಒಂದು ಕಾರಣ. ಸರ್ವರನ್ನು ಮರುಚಾಲನೆ ಮಾಡುವುದರಿಂದ ಲಕ್ಷಣ ಮರೆಯಾಗಿ ಮೂಲಕಾರಣ ಹಾಗೆಯೇ ಉಳಿಯಬಹುದು. ಆದ್ದರಿಂದ ಅದಕ್ಕೆ ಮೊದಲೇ ಲಾಗ್‌ಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು.

## ಮರುಪ್ರಯತ್ನದ ಅಪಾಯ

503 ಸಂಕೇತದೊಂದಿಗೆ, ಎಷ್ಟು ಸಮಯದ ನಂತರ ಮತ್ತೆ ಪ್ರಯತ್ನಿಸಬೇಕೆಂಬ ಸೂಚನೆಯನ್ನೂ ಸರ್ವರ್ ಕಳುಹಿಸಬಹುದು. ಪುಟವನ್ನು ಕೇವಲ ಓದುವ ಕೋರಿಕೆಯನ್ನು ಮರುಕಳುಹಿಸಿದರೆ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಹಣ ಪಾವತಿ ಅಥವಾ ಅರ್ಜಿ ಸಲ್ಲಿಕೆಯ ವೇಳೆ 504 ಬಂದರೆ, ಕೆಲಸ ನಡೆದಿಲ್ಲ ಎಂದು ಅರ್ಥವಲ್ಲ. ಉತ್ತರ ಸಕಾಲಕ್ಕೆ ತಲುಪಲಿಲ್ಲ ಎಂದಷ್ಟೇ ಅರ್ಥ. ಹಿಂದಿನ ಸರ್ವರ್ ಆ ಕೆಲಸವನ್ನು ಮುಗಿಸಿರಲೂಬಹುದು. ಆದ್ದರಿಂದ ಬಳಕೆದಾರರು ಖಾತೆಯ ವಿವರವನ್ನು ಪರಿಶೀಲಿಸಿದ ಮೇಲೆಯೇ ಮತ್ತೆ ಪಾವತಿಸುವುದು ಕ್ಷೇಮ. ಒಂದೇ ವ್ಯವಹಾರ ಎರಡು ಬಾರಿ ನಡೆಯದಂತೆ ತಡೆಯಲು, ತಂತ್ರಾಂಶ ರಚಿಸುವವರು ಪ್ರತಿ ವ್ಯವಹಾರಕ್ಕೂ ವಿಶಿಷ್ಟ ಗುರುತುಸಂಖ್ಯೆ ನೀಡುತ್ತಾರೆ.

## ಭದ್ರತೆ

ಸಾರ್ವಜನಿಕರಿಗೆ ತೋರುವ ಸಂದೇಶದಲ್ಲಿ ಕಡತದ ದಾರಿ, ದತ್ತಸಂಚಯದ ವಿವರ ಅಥವಾ ತಂತ್ರಾಂಶದ ಆವೃತ್ತಿ ಕಾಣಿಸಿದರೆ ದಾಳಿಕೋರರಿಗೆ ನೆರವಾಗುತ್ತದೆ. ಹೀಗಾಗಿ ಸಂದೇಶವನ್ನು ಉದ್ದೇಶಪೂರ್ವಕವಾಗಿ ಚಿಕ್ಕದಾಗಿಟ್ಟು, ವಿವರವನ್ನು ಲಾಗ್‌ನಲ್ಲಿ ಮಾತ್ರ ಬರೆಯಲಾಗುತ್ತದೆ. ಎರಡನ್ನೂ ಜೋಡಿಸಲು ಕೆಲವು ತಾಣಗಳು ಸಂದೇಶದೊಂದಿಗೆ ಒಂದು ಉಲ್ಲೇಖ ಸಂಖ್ಯೆಯನ್ನು ತೋರಿಸುತ್ತವೆ. ದೂರು ನೀಡುವಾಗ ಆ ಸಂಖ್ಯೆ, ಸಮಯ ಮತ್ತು ಮಾಡುತ್ತಿದ್ದ ಕೆಲಸವನ್ನು ತಿಳಿಸಿದರೆ, ನಿರ್ವಾಹಕರು ಸಂಬಂಧಪಟ್ಟ ಲಾಗ್ ಸಾಲನ್ನು ಬೇಗ ಹುಡುಕಬಹುದು.