ಸಂವಿಧಾನಕ್ಕೆ ಒಂದು ಪದ ಸೇರಿಸಿದ ಶಿಕ್ಷಕಿ: ಲೀನಾ ಮೆರ್ಲಿನ್



ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದ ವರ್ಷಗಳಲ್ಲಿ ಪ್ರತಿ ಜೂನ್ ತಿಂಗಳೂ ದಾಖಲಾತಿ ಪುಸ್ತಕ ತುಂಬುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಒಂದು ವರ್ಷ ಎಂಟನೆಯ ತರಗತಿಗೆ ಸೇರಲು ತಾಯಿಯೊಡನೆ ಬಂದ ಹುಡುಗಿಯೊಬ್ಬಳ ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣ ಖಾಲಿಯಾಗಿತ್ತು. ಹಿಂದೆ ಸಾಲಿನಲ್ಲಿ ಹತ್ತಾರು ಜನ ನಿಂತಿದ್ದರು. “ತಂದೆಯ ಹೆಸರೇನಮ್ಮಾ?” ಎಂದು ಗಟ್ಟಿಯಾಗಿಯೇ ಕೇಳಿದೆ. ಉತ್ತರ ಬಾರದಿದ್ದಾಗ ಇನ್ನೊಮ್ಮೆ ಕೇಳಿದೆ. ತಾಯಿ ತಲೆ ತಗ್ಗಿಸಿದರು. ಹುಡುಗಿ ನನ್ನ ಲೇಖನಿಯನ್ನೇ ನೋಡುತ್ತಿದ್ದಳು. ನಾನು ಆ ಅಂಕಣದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದಿನವರನ್ನು ಕರೆದೆ.

ಆ ಗೆರೆಯ ಭಾರ ನನಗೆ ಅರಿವಾದದ್ದು ಕೆಲವು ವರ್ಷಗಳ ನಂತರ, ಇಟಲಿಯ ಇತಿಹಾಸವನ್ನು ಓದುತ್ತಿದ್ದಾಗ. ಅಲ್ಲಿ ತಂದೆ ಯಾರೆಂದು ದಾಖಲೆಯಲ್ಲಿಲ್ಲದ ಮಕ್ಕಳ ಕಾಗದಪತ್ರಗಳಲ್ಲಿ ‘ಎನ್.ಎನ್.’ ಎಂಬ ಎರಡು ಅಕ್ಷರಗಳನ್ನು ಬರೆಯುತ್ತಿದ್ದರು. ‘ಹೆಸರು ತಿಳಿಯದು’ ಎಂಬುದಕ್ಕೆ ಲ್ಯಾಟಿನ್ ಭಾಷೆಯ ಸಂಕ್ಷೇಪ ಅದು. ಶಾಲೆಗೆ, ನೌಕರಿಗೆ, ಮದುವೆಗೆ, ಎಲ್ಲಿಗೆ ಹೋದರೂ ಆ ಎರಡಕ್ಷರ ಜೊತೆಗೇ ಹೋಗುತ್ತಿತ್ತು. ಅದನ್ನು ಅಳಿಸಲು ಹೋರಾಡಿದವರಲ್ಲಿ ಒಬ್ಬರು ಸೆನೆಟರ್ ಲೀನಾ ಮೆರ್ಲಿನ್. ಅವರು ಮೂಲತಃ ಶಾಲಾ ಶಿಕ್ಷಕಿಯೆಂದು ತಿಳಿದಾಗ ನನ್ನ ಕುತೂಹಲ ಇಮ್ಮಡಿಸಿತು.

ಮೆರ್ಲಿನ್ ಹುಟ್ಟಿದ್ದು 1887ರಲ್ಲಿ, ಉತ್ತರ ಇಟಲಿಯ ಪಾದುವಾ ಪ್ರಾಂತ್ಯದಲ್ಲಿ. ಸಮಾಜವಾದಿ ಪಕ್ಷ ಸೇರಿದವರು. ಮುಸೊಲಿನಿಯ ಸರ್ಕಾರ ತನಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ನೌಕರರನ್ನು ಕೇಳಿದಾಗ ಅವರು ಒಪ್ಪಲಿಲ್ಲ. 1926ರಲ್ಲಿ ಕೆಲಸ ಹೋಯಿತು; ಬಂಧನವಾಗಿ ಸಾರ್ಡೀನಿಯಾ ದ್ವೀಪಕ್ಕೆ ಗಡೀಪಾರೂ ಆಯಿತು. ಮಾಸ್ತರಿಕೆಯನ್ನೇ ನಂಬಿದವರಿಗೆ ಆ ಕೆಲಸ ಬಿಡುವುದು ಎಂತಹ ಸಂಗತಿಯೆಂಬುದು ನಮ್ಮ ವೃತ್ತಿಬಾಂಧವರಿಗೆ ಗೊತ್ತು.

ಇಟಲಿಯ ಮಹಿಳೆಯರು ಮೊದಲ ಬಾರಿಗೆ ರಾಷ್ಟ್ರಮಟ್ಟದಲ್ಲಿ ಮತ ಹಾಕಿದ್ದು 1946ರ ಜೂನ್ 2ರಂದು. ಅಂದು ಆಯ್ಕೆಯಾದ ಸಂವಿಧಾನ ರಚನಾ ಸಭೆಯ 556 ಸದಸ್ಯರಲ್ಲಿ ಮಹಿಳೆಯರು 21. ಅವರಲ್ಲಿ ಮೆರ್ಲಿನ್ ಒಬ್ಬರು. ಕರಡನ್ನು ಸಿದ್ಧಪಡಿಸಿದ ಸಮಿತಿಯಲ್ಲಿಯೂ ಇದ್ದರು. ಎಲ್ಲ ನಾಗರಿಕರೂ ಕಾನೂನಿನ ಮುಂದೆ ಸಮಾನರು ಎಂಬ ಮೂರನೆಯ ವಿಧಿಯಲ್ಲಿ ‘ಲಿಂಗಭೇದವಿಲ್ಲದೆ’ ಎಂಬ ಮಾತು ಸೇರಲೇಬೇಕೆಂದು ಅವರು ಪಟ್ಟು ಹಿಡಿದರು. ‘ನಾಗರಿಕರು’ ಎಂದ ಮೇಲೆ ಸ್ತ್ರೀಯರೂ ಸೇರಿದರಲ್ಲವೇ, ಬೇರೆ ಹೇಳುವುದೇಕೆ ಎಂಬುದು ಎದುರು ವಾದ. ಮೆರ್ಲಿನ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಿಮ್ಮಂತೆ ನಾನು ಕಾನೂನು ಪಂಡಿತೆಯಲ್ಲ, ಆದರೆ ಇತಿಹಾಸ ಬಲ್ಲೆ, 1789ರಲ್ಲಿ ಫ್ರಾನ್ಸಿನಲ್ಲಿ ಮಾನವನ ಮತ್ತು ನಾಗರಿಕನ ಹಕ್ಕುಗಳನ್ನು ಸಾರಿದಾಗ ‘ನಾಗರಿಕ’ ಎಂದರೆ ಗಂಡಸು ಮಾತ್ರ ಎಂದೇ ಆಯಿತು. ಇತಿಹಾಸದ ಮೇಷ್ಟ್ರುಗಳು ಸಂತೋಷಪಡಬೇಕಾದ ಉತ್ತರ! ಆ ಪದ ಸೇರಿತು. ವಿಧಿಯಲ್ಲಿರುವ ಭೇದಗಳ ಪಟ್ಟಿಯಲ್ಲಿ ಅದು ಮೊದಲನೆಯದು. ಜನಾಂಗ, ಭಾಷೆ, ಧರ್ಮಗಳು ಆನಂತರ ಬರುತ್ತವೆ. ಅದೇ ಕಾಲದಲ್ಲಿ ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆಯೂ ಕುಳಿತಿತ್ತೆಂಬುದನ್ನು, ನಮ್ಮ 15ನೆಯ ವಿಧಿಯಲ್ಲಿಯೂ ಆ ಪದವಿದೆಯೆಂಬುದನ್ನು ನೀವು ಬಲ್ಲಿರಿ.

ಪದ ಸೇರಿದ್ದರಿಂದಲೇ ಎಲ್ಲವೂ ಆಗಲಿಲ್ಲ. 1948ರಲ್ಲಿ ಮೆರ್ಲಿನ್ ಸೆನೆಟರಾದರು. ಗಣರಾಜ್ಯದ ಸೆನೆಟ್‌ನಲ್ಲಿ ಮೊದಲು ಮಾತನಾಡಿದ ಮಹಿಳೆ ಅವರೇ. ಅದೇ ವರ್ಷದ ಆಗಸ್ಟ್‌ನಲ್ಲಿ ಮಂಡಿಸಿದ ಮಸೂದೆಯಿಂದ ದೇಶದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅದು ಸರ್ಕಾರದ ಪರವಾನಗಿ ಪಡೆದ ವೇಶ್ಯಾಗೃಹಗಳನ್ನು ಮುಚ್ಚುವ ಮಸೂದೆ. 1860ರಿಂದ ಈ ಮನೆಗಳನ್ನು ಸರ್ಕಾರವೇ ನಿಯಂತ್ರಿಸುತ್ತಿತ್ತು. ದರವನ್ನು ಗೊತ್ತುಮಾಡುತ್ತಿತ್ತು, ತೆರಿಗೆ ಪಡೆಯುತ್ತಿತ್ತು, ಹೆಂಗಸರ ಹೆಸರುಗಳನ್ನು ಪೊಲೀಸರ ಬಳಿ ದಾಖಲಿಸಿ ಬಲವಂತದ ವೈದ್ಯಕೀಯ ತಪಾಸಣೆ ಮಾಡಿಸುತ್ತಿತ್ತು. ಕಿಟಕಿಗಳು ಸದಾ ಮುಚ್ಚಿರಬೇಕೆಂಬ ನಿಯಮವಿದ್ದುದರಿಂದ ಜನ ಅವನ್ನು ‘ಮುಚ್ಚಿದ ಮನೆಗಳು’ ಎಂದೇ ಕರೆಯುತ್ತಿದ್ದರು.

ಸದನದಲ್ಲಿ ಎದ್ದ ಆಕ್ಷೇಪಗಳೆಲ್ಲ ಗಂಭೀರ ಮುಖದವು: ರೋಗ ಹರಡೀತು, ಕುಲಸ್ತ್ರೀಯರಿಗೆ ರಕ್ಷಣೆ ತಪ್ಪೀತು, ಅನಾದಿಯಿಂದ ಇರುವುದನ್ನು ಕಾನೂನು ಅಳಿಸೀತೇ? ಅವರ ಪಕ್ಷದೊಳಗೇ ಹಲವರಿಗೆ ಮನಸ್ಸಿರಲಿಲ್ಲ. ಮೆರ್ಲಿನ್ ಮತ್ತೆ ಮತ್ತೆ ಸಂವಿಧಾನದ ಪುಟವನ್ನೇ ತೋರಿಸಿದರು. ರೋಗಭಯವೇ ಕಾರಣವಾದರೆ ಹೆಣ್ಣನ್ನು ಮಾತ್ರ ಏಕೆ ದಾಖಲಿಸುತ್ತೀರಿ, ಅಲ್ಲಿಗೆ ಹೋಗುವ ಗಂಡಸನ್ನೇಕೆ ಬಿಟ್ಟಿರಿ ಎಂಬುದು ಈ ಇಡೀ ಚರ್ಚೆಯ ತಿರುಳೆಂದು ನಾನು ತಿಳಿಯುತ್ತೇನೆ. ಆ ಮನೆಗಳಲ್ಲಿದ್ದ ಹೆಂಗಸರೇ ಅವರಿಗೆ ಪತ್ರ ಬರೆಯತೊಡಗಿದರು. ಎಲ್ಲರೂ ಮಸೂದೆಯ ಪರವಾಗಿ ಬರೆದವರಲ್ಲ. ಇದೂ ಹೋದರೆ ನಮ್ಮ ಅನ್ನದ ಗತಿಯೇನು ಎಂದು ಕೇಳಿದವರೂ ಇದ್ದರು. ಮೆರ್ಲಿನ್ 1955ರಲ್ಲಿ ಆ ಪತ್ರಗಳ ಸಂಕಲನವನ್ನು ಪ್ರಕಟಿಸಿದರು. ಅದುವರೆಗೆ ಯಾರ ಬಗ್ಗೆ ಚರ್ಚೆ ನಡೆಯುತ್ತಿತ್ತೋ ಅವರ ಮಾತು ಅಚ್ಚಿನಲ್ಲಿ ಬಂದಂತಾಯಿತು.

1953ರಲ್ಲಿ ಸಂಸತ್ತಿನ ಅವಧಿ ಮುಗಿದುದರಿಂದ ಮಸೂದೆಯನ್ನು ಮತ್ತೆ ಮೊದಲಿನಿಂದ ಮಂಡಿಸಬೇಕಾಯಿತು. ಹತ್ತು ವರ್ಷಗಳ ಹಣಾಹಣಿಯ ಬಳಿಕ 1958ರ ಫೆಬ್ರುವರಿ 20ರಂದು ಅದು ಕಾಯಿದೆಯಾಯಿತು. ಸೆಪ್ಟೆಂಬರ್‌ನಲ್ಲಿ ಸುಮಾರು 560 ಮನೆಗಳು ನಿಜವಾಗಿಯೇ ಮುಚ್ಚಿದವು. ಹೆಂಗಸರನ್ನು ಪಟ್ಟಿಮಾಡುವುದನ್ನು ಕಾಯಿದೆ ನಿಷೇಧಿಸಿತು. ಮಹಿಳಾ ಪೊಲೀಸ್ ದಳವೊಂದು ಇರಬೇಕೆಂದೂ ಹೇಳಿತು. ವೇಶ್ಯಾವೃತ್ತಿ ನಿಂತಿತೇ ಎಂದು ಕೇಳಿದರೆ, ಇಲ್ಲ. ಆ ಕಾಯಿದೆ ವೃತ್ತಿಯನ್ನು ಅಪರಾಧವೆಂದು ಸಾರಿದ್ದೂ ಅಲ್ಲ. ಅದರಲ್ಲಿ ಸರ್ಕಾರಕ್ಕಿದ್ದ ಪಾಲುದಾರಿಕೆಯನ್ನು ಕಡಿದುಹಾಕಿತು, ಅಷ್ಟೆ. ಕಾಯಿದೆಯನ್ನು ಹಳಿಯುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಈ ಗದ್ದಲದ ನಡುವೆಯೇ, 1955ರ ಅಕ್ಟೋಬರ್‌ನಲ್ಲಿ ‘ಎನ್.ಎನ್.’ ಅಳಿಯಿತು. ಮೆರ್ಲಿನ್ ಮತ್ತು ಇತರ ಮಹಿಳಾ ಸದಸ್ಯರ ಪ್ರಯತ್ನದ ಫಲವದು. ಅಳಿಸಿದ ಬಗೆಯನ್ನು ಗಮನಿಸಿ. ತಂದೆಯಿಲ್ಲದ ಮಕ್ಕಳಿಗೆ ಬೇರೊಂದು ಪದ ಹುಡುಕಲು ಹೋಗಲಿಲ್ಲ. ಸಾಮಾನ್ಯ ಪ್ರಮಾಣಪತ್ರಗಳಲ್ಲಿ ಯಾರಿಗೇ ಆಗಲಿ ತಂದೆತಾಯಿಯ ಹೆಸರನ್ನು ಬರೆಯುವುದನ್ನೇ ಕೈಬಿಟ್ಟರು. ಶ್ರೀಮಂತನ ಮಗನ ಪತ್ರವೂ ಅನಾಥಾಲಯದ ಮಗುವಿನ ಪತ್ರವೂ ಒಂದೇ ತೆರನಾದವು.

ಮದುವೆಯಾದ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದನ್ನು ನಿಷೇಧಿಸಿದ 1963ರ ಕಾಯಿದೆಯ ಹಿಂದೆಯೂ ಅವರ ದುಡಿಮೆಯಿದೆ. ಆ ವೇಳೆಗೆ ಅವರು ಪಕ್ಷವನ್ನು ತೊರೆದಾಗಿತ್ತು. 1979ರ ಆಗಸ್ಟ್ 16ರಂದು ತೀರಿಕೊಂಡರು. ಮರು ತಿಂಗಳು ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರ ಮೊಕದ್ದಮೆಯ ತೀರ್ಪು ಬಂತು. ವಿದೇಶಾಂಗ ಸೇವೆಯ ಮಹಿಳೆಯರು ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮದ ವಿರುದ್ಧವೂ ಅವರು ಹೋರಾಡಿದ್ದರು. ಕಾಕತಾಳೀಯವೇ ಇರಬಹುದು, ನನಗೆ ಮಾತ್ರ ಈ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.

ಇದನ್ನೆಲ್ಲ ಓದಿದ ಮೇಲೆ, ನಿವೃತ್ತಿಗೆ ಉಳಿದಿದ್ದ ನಾಲ್ಕು ಜೂನ್ ತಿಂಗಳುಗಳಲ್ಲಿ ನನ್ನ ಮೇಜನ್ನು ವರಾಂಡದಿಂದ ಒಳಗಿನ ಕೋಣೆಗೆ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದು ಅರ್ಜಿ ನೋಡುತ್ತಿದ್ದೆ. ಆ ಹುಡುಗಿ ಅದಕ್ಕೆ ಎಷ್ಟೋ ಮೊದಲೇ ಹತ್ತನೆಯ ತರಗತಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ ಹೋಗಿದ್ದಳು. ಆಕೆ ಒಯ್ದ ವರ್ಗಾವಣೆ ಪತ್ರದಲ್ಲಿ, ಗುಮಾಸ್ತರ ಅಚ್ಚುಕಟ್ಟಾದ ಕೈಬರಹದ ನಡುವೆ, ನಾನು ಎಳೆದಿದ್ದ ಅಡ್ಡಗೆರೆಯೂ ಹಾಗೆಯೇ ನಕಲಾಗಿತ್ತು.