ಗಡಿ ದಾಟದ ಹೆಸರು: ಆಸ್ಟ್ರೇಲಿಯಾದಲ್ಲಿ ಬರ್ಗರ್ ಕಿಂಗ್ ಕಥೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಬರ್ಗರ್ ಕಿಂಗ್‌ನ ‘ವಾಪರ್’ ಅಲ್ಲೂ ಸಿಗುತ್ತೆ. ಆದರೆ ಬೋರ್ಡಿನ ಮೇಲಿರುವ ಹೆಸರು ‘ಹಂಗ್ರಿ ಜಾಕ್ಸ್’. ಅದು ನಕಲಿ ಅಂಗಡಿಯಲ್ಲ. ಇವತ್ತು ನಾನು ಹೇಳಹೊರಟಿರುವುದು ಆ ಬೋರ್ಡಿನ ಕಥೆ.

1971ರಲ್ಲಿ ಕೆನಡಾ ಮೂಲದ ಉದ್ಯಮಿ ಜಾಕ್ ಕೊವಿನ್ ಬರ್ಗರ್ ಕಿಂಗ್‌ನ ಫ್ರಾಂಚೈಸಿ ಪಡೆದು, ಪರ್ತ್ ನಗರದಲ್ಲಿ ಮೊದಲ ಮಳಿಗೆ ತೆರೆಯಲು ಹೊರಟರು. ನೋಡಿದರೆ, ಅಡಿಲೇಡ್‌ನ ಒಂದು ಟೇಕ್‌ಅವೇ ಅಂಗಡಿ ಆ ಹೆಸರನ್ನು ಆಗಲೇ ನೋಂದಾಯಿಸಿಕೊಂಡು ಕೂತಿತ್ತು! ಬರ್ಗರ್ ಕಿಂಗ್‌ನ ಅಂದಿನ ಮಾಲೀಕ ಕಂಪನಿ ಪಿಲ್ಸ್‌ಬರಿ ಬಳಿ ಬೇರೆ ಕೆಲವು ಹೆಸರುಗಳಿದ್ದವು. ಅವುಗಳಲ್ಲಿ ಕೊವಿನ್ ಆರಿಸಿದ್ದು ‘ಹಂಗ್ರಿ ಜಾಕ್’. ಅಮೆರಿಕದಲ್ಲಿ ಅದು ಪ್ಯಾನ್‌ಕೇಕ್ ಹಿಟ್ಟಿನ ಹೆಸರು. ಅದನ್ನೇ ‘ಜಾಕ್ಸ್’ ಮಾಡಿಕೊಂಡು ಅಂಗಡಿ ಶುರುಮಾಡಿದರು.

ಅಮೆರಿಕದ ಅಷ್ಟು ದೊಡ್ಡ ಕಂಪನಿಗೆ ಅಡಿಲೇಡ್‌ನ ಅಂಗಡಿ ಅಡ್ಡಬರುವುದು ಹೇಗೆ ಅಂತೀರಾ? ಟ್ರೇಡ್‌ಮಾರ್ಕ್ ಅನ್ನುವುದು ದೇಶಕ್ಕೆ ಸೀಮಿತವಾದ ಹಕ್ಕು. ಅಮೆರಿಕದ ನೋಂದಣಿ ಅಮೆರಿಕಕ್ಕೆ, ಆಸ್ಟ್ರೇಲಿಯಾದ್ದು ಆಸ್ಟ್ರೇಲಿಯಾಕ್ಕೆ. 1883ರ ಪ್ಯಾರಿಸ್ ಒಪ್ಪಂದವೂ ಕೊಟ್ಟದ್ದು ಸ್ವಲ್ಪ ಬಿಡುವು ಮಾತ್ರ: ಒಂದು ದೇಶದಲ್ಲಿ ಅರ್ಜಿ ಹಾಕಿದ 6 ತಿಂಗಳೊಳಗೆ ಇನ್ನೊಂದು ದೇಶದಲ್ಲಿ ಹಾಕಿದರೆ, ಮೊದಲ ಅರ್ಜಿಯ ದಿನಾಂಕವೇ ಅಲ್ಲೂ ಲೆಕ್ಕಕ್ಕೆ ಬರುತ್ತೆ. ಆ ಗಡುವು ಮುಗಿದರೆ ಈ ಅನುಕೂಲವೂ ಹೋಯಿತು.

ಕಥೆಯ ನಿಜವಾದ ತಿರುವು ಬಂದದ್ದು 1990ರ ದಶಕದಲ್ಲಿ. ಆ ಹೊತ್ತಿಗೆ ಅಡಿಲೇಡ್‌ನ ಅಡ್ಡಿ ಉಳಿದಿರಲಿಲ್ಲ. ಬರ್ಗರ್ ಕಿಂಗ್ ಸ್ವಂತ ಹೆಸರಿನಲ್ಲೇ ಅಲ್ಲಿ ಮಳಿಗೆ ತೆರೆಯತೊಡಗಿತು. ಕೊವಿನ್ ಜೊತೆಗಿನ ಒಪ್ಪಂದವನ್ನೂ ಮುರಿಯಲು ನೋಡಿತು. ಕೊವಿನ್ ಕೋರ್ಟಿಗೆ ಹೋದರು. 2001ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದದ್ದು ಅವರೇ. ಬರ್ಗರ್ ಕಿಂಗ್ ಸದ್ಭಾವನೆಯಿಂದ ನಡೆದುಕೊಂಡಿಲ್ಲ ಎಂದಿತು ಕೋರ್ಟು. ನನಗಂತೂ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ಮೂರು ದಶಕ ಗಿರಾಕಿಗಳು ಕೂಗಿದ ಹೆಸರು ಹಂಗ್ರಿ ಜಾಕ್ಸ್, ಬೆವರು ಸುರಿಸಿದ್ದೂ ಅವರೇ ತಾನೆ? ಕೊನೆಗೆ ಅಲ್ಲಿನ ಬರ್ಗರ್ ಕಿಂಗ್ ಮಳಿಗೆಗಳ ಬೋರ್ಡು ಇಳಿದು, ಹಂಗ್ರಿ ಜಾಕ್ಸ್ ಬೋರ್ಡು ಏರಿತು.

ಪುಣೆಯಲ್ಲೂ ಹೆಚ್ಚುಕಡಿಮೆ ಇದೇ ಜಗಳ. ಅಲ್ಲಿನ ‘ಬರ್ಗರ್ ಕಿಂಗ್’ ಹೋಟೆಲ್ ಶುರುವಾದದ್ದು 1990ರ ದಶಕದಲ್ಲಿ. ಅಮೆರಿಕದ ಕಂಪನಿ ಭಾರತದಲ್ಲಿ ಮಳಿಗೆ ತೆರೆದದ್ದು 2014ರಲ್ಲಿ. ಕಂಪನಿ ಹೂಡಿದ್ದ ದಾವೆಯನ್ನು 2024ರ ಆಗಸ್ಟ್‌ನಲ್ಲಿ ಪುಣೆಯ ನ್ಯಾಯಾಲಯ ವಜಾ ಮಾಡಿತು. ಕಂಪನಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು.

ಬೆಂಗಳೂರಿನಿಂದ ದುಬೈಗೋ ಲಂಡನ್‌ಗೋ ಹೋಟೆಲ್ ಒಯ್ಯುವ ಯೋಚನೆಯಲ್ಲಿರುವವರಿಗೆ ಒಂದು ಮಾತು: 2013ರಿಂದ ಭಾರತ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿದೆ. ಇಲ್ಲಿಂದಲೇ ಒಂದು ಅರ್ಜಿಯಲ್ಲಿ ಹಲವು ದೇಶಗಳನ್ನು ಕೇಳಬಹುದು. ಆದರೆ ಒಪ್ಪುವುದು, ಬಿಡುವುದು ಆಯಾ ದೇಶದ ಕಚೇರಿಗೆ ಸೇರಿದ್ದು. ಆ ಅರ್ಜಿ ಹಾಕಬೇಕಾದದ್ದು ಅಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವುದಕ್ಕೂ ಮುಂಚೆ.